ರೆಪ್ಪೆಯ ಹಿಂದೆಯೇ ಕಣ್ಣಿದೆ

ಮದುವೆ ಸೀಸನ್ ಬಂತೆಂದರೆ ಬೆಂಗಳೂರಿನ ಸ್ಕಿನ್ ಕ್ಲಿನಿಕ್‌ಗಳ ಜಾಹೀರಾತಿನಲ್ಲಿ ವಧುವಿಗಿಂತ ವಧುವಿನ ತಾಯಿಗೇ ಹೆಚ್ಚು ಉಪಚಾರ. ಕತ್ತರಿಯಿಲ್ಲ, ಹೊಲಿಗೆಯಿಲ್ಲ, ಕಣ್ಣ ಸುತ್ತಲಿನ ಸುಕ್ಕು ಅರ್ಧ ಗಂಟೆಯಲ್ಲಿ ಬಿಗಿ! ಕತ್ತರಿಯಿಲ್ಲ ಎಂದದ್ದು ನಮ್ಮ ಕಿವಿಗೆ ಅಪಾಯವಿಲ್ಲ ಎಂದೇ ಕೇಳಿಸುತ್ತದೆ. ನನ್ನ ತಕರಾರು ಇರುವುದು ಅಲ್ಲಿ.

ಹೀಗೆ ಕತ್ತರಿಯಿಲ್ಲದೆ ಚರ್ಮ ಬಿಗಿ ಮಾಡುವ ಯಂತ್ರಗಳ ಕೆಲಸವೇ ಕಾಯಿಸುವುದು. ರೇಡಿಯೋ ತರಂಗವಾಗಲಿ, ಅಲ್ಟ್ರಾಸೌಂಡ್ ಆಗಲಿ, ಚರ್ಮದೊಳಗಿನ ಕೊಲಾಜನ್ ಎಳೆಗಳನ್ನು ಬಿಸಿ ಮಾಡುತ್ತದೆ. ಯಂತ್ರಕ್ಕೆ ತಕ್ಕಂತೆ ಅದು 60 ಡಿಗ್ರಿ ಸೆಲ್ಸಿಯಸ್‌ವರೆಗೂ, ಅದಕ್ಕೂ ಮೇಲಕ್ಕೂ ಹೋದೀತು. ಎಳೆಗಳು ಮುದುಡುತ್ತವೆ, ಆಮೇಲೆ ತಿಂಗಳುಗಟ್ಟಲೆ ಹೊಸ ಕೊಲಾಜನ್ ಬೆಳೆಯುತ್ತದೆ. ಮುಂದಿನ ವಾರದ ಮುಹೂರ್ತಕ್ಕೆ ಇದು ಒದಗುವ ಬಾಬತ್ತಲ್ಲ.

ಕೆನ್ನೆಯಲ್ಲಾದರೆ ಶಾಖಕ್ಕೆ ಜಾಗವಿದೆ. ರೆಪ್ಪೆಯ ಚರ್ಮ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ದಪ್ಪ, ಮೈಯಲ್ಲೇ ಅತಿ ತೆಳುವಾದದ್ದು. ಅದರ ಬೆನ್ನಿಗೇ ಕಣ್ಣುಗುಡ್ಡೆ. ರೇಡಿಯೋ ತರಂಗದ ಥರ್ಮೇಜ್ ಯಂತ್ರಕ್ಕೆ ಕಣ್ಣಿನ ಸುತ್ತಲ ಸುಕ್ಕಿಗೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲೇ ಅನುಮತಿ ಕೊಟ್ಟಿತ್ತು. ಆದರೆ ರೆಪ್ಪೆಯ ಮೇಲೆ ಆಡಿಸಬೇಕಾದರೆ ಬೇರೆಯೇ ಪುಟ್ಟ ತುದಿ ಬೇಕು, ಜೊತೆಗೆ ರೆಪ್ಪೆಯ ಒಳಗೆ, ಕಣ್ಣುಗುಡ್ಡೆಯ ಮೇಲೆ ಕೂರಿಸುವ ಪ್ಲಾಸ್ಟಿಕ್ ಕವಚವೂ ಬೇಕು. ಮರಗಟ್ಟಿಸುವ ಹನಿ ಹಾಕಿ ಅದನ್ನು ಕೂರಿಸುತ್ತಾರೆ. ಮುಚ್ಚಿದ ರೆಪ್ಪೆಯ ಮೇಲೆ ಹತ್ತಿಯುಂಡೆ ಇಟ್ಟು ಶುರುಮಾಡುವ ಕಡೆ ಕುರ್ಚಿ ಬಿಟ್ಟೆದ್ದು ಬರುವುದರಲ್ಲಿ ಸಂಕೋಚ ಬೇಡ. ಎದೆಯಲ್ಲಿ ಪೇಸ್‌ಮೇಕರ್ ಇರುವವರಿಗಂತೂ ಈ ಚಿಕಿತ್ಸೆ ಸಲ್ಲದು.

ನನಗೆ ಹೆಚ್ಚು ಹೆದರಿಕೆ ಅಲ್ಟ್ರಾಸೌಂಡಿನದು. ಭೂತಗನ್ನಡಿ ಬಿಸಿಲನ್ನು ಒಂದೇ ಚುಕ್ಕೆಗೆ ತರುವಂತೆ ಅದು ಶಾಖವನ್ನು ಚರ್ಮದ ಕೆಳಗೆ 1.5, 3 ಇಲ್ಲವೇ 4.5 ಮಿಲಿಮೀಟರ್ ಆಳದಲ್ಲಿ ಸೇರಿಸುತ್ತದೆ. ರೆಪ್ಪೆಯ ಮೇಲಿಟ್ಟರೆ ಆ ಚುಕ್ಕೆ ಎಲ್ಲಿ ಬಿದ್ದೀತು, ನೀವೇ ಲೆಕ್ಕ ಹಾಕಿ. ಕಣ್ಣಿನ ಮಸೂರಕ್ಕೆ ಪೆಟ್ಟಾಗಿ ಪೊರೆ ಬಂದ ಪ್ರಕರಣಗಳು ವೈದ್ಯ ಪತ್ರಿಕೆಗಳಲ್ಲಿ ದಾಖಲಾಗಿವೆ. 2009ರಲ್ಲಿ ಅಲ್ಟ್ರಾಸೌಂಡಿನ ಅಲ್ಥೆರಾ ಯಂತ್ರಕ್ಕೆ ಎಫ್‌ಡಿಎ ಅನುಮತಿ ಸಿಕ್ಕಿದ್ದು ಹುಬ್ಬು ಎತ್ತುವುದಕ್ಕೆ, ರೆಪ್ಪೆಗಲ್ಲ. ಕಣ್ಣಗೂಡಿನ ಮೂಳೆಯಂಚನ್ನು ಬೆರಳಲ್ಲಿ ಸವರಿ ನೋಡಿ. ಆ ಗಡಿಯ ಒಳಗೆ ಈ ಯಂತ್ರಕ್ಕೆ ಕೆಲಸವಿಲ್ಲ.

ಸಣ್ಣ ಸೂಜಿಗಳ ಮೂಲಕ ರೇಡಿಯೋ ತರಂಗ ಹಾಯಿಸುವ ಮೈಕ್ರೋನೀಡ್ಲಿಂಗನ್ನೂ ಕೆಲವರು ಇದೇ ಪಟ್ಟಿಗೆ ಸೇರಿಸಿ ಮಾರುತ್ತಾರೆ. ಅದರಿಂದ ಸುಟ್ಟಗಾಯ, ಕಲೆ, ಕೊಬ್ಬಿನ ನಷ್ಟ, ನರಕ್ಕೆ ಪೆಟ್ಟು ಆದ ವರದಿಗಳಿವೆ ಎಂದು ಎಫ್‌ಡಿಎ 2025ರ ಅಕ್ಟೋಬರ್‌ನಲ್ಲಿ ಎಚ್ಚರಿಸಿದೆ. ಕಣ್ಣ ಕೆಳಗಿನ ಕೊಬ್ಬು ಕರಗಿದರೆ ಮುಖ ಎಳೆಯದಾಗುವುದಿಲ್ಲ, ಗುಳಿ ಬೀಳುತ್ತದೆ.

ಅನುಭವವುಳ್ಳ ಚರ್ಮವೈದ್ಯರ ಕೈಯಲ್ಲಿ, ಸರಿಯಾದ ಕವಚದೊಂದಿಗೆ ಬಿಗಿ ಮಾಡುವ ಚಿಕಿತ್ಸೆ ನಡೆದರೆ ಹೆಚ್ಚಿನವರಿಗೆ ಒಂದಷ್ಟು ಕೆಂಪು, ಊತ ಅಷ್ಟೇ. ಫಲವೂ ಅಷ್ಟಕ್ಕಷ್ಟೇ. ಕಣ್ಣ ಕೆಳಗೆ ಜೋತುಬಿದ್ದ ಚೀಲವನ್ನು ಯಾವ ತರಂಗವೂ ಎತ್ತಿ ಕಟ್ಟಲಾರದು. ಒಂದೇ ರೆಪ್ಪೆ ಇದ್ದಕ್ಕಿದ್ದಂತೆ ಇಳಿಬಿದ್ದಿದ್ದರೆ ಸೌಂದರ್ಯದ ಅಂಗಡಿಗಲ್ಲ, ವೈದ್ಯರಲ್ಲಿಗೆ ಓಡಬೇಕು. ಚಿಕಿತ್ಸೆಯಾದ ಮೇಲೆ ಕಣ್ಣೊಳಗೆ ನೋವು, ಮಬ್ಬು ನೋಟ, ಬೆಳಕು ಕಂಡರೆ ಹಿಂಸೆ ಎನಿಸಿದರೂ ಕ್ಲಿನಿಕ್ಕಿನವರ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅಂದೇ ಕಣ್ಣಿನ ಆಸ್ಪತ್ರೆಗೆ ಹೋಗಿ, ಯಾವ ಯಂತ್ರ ಹಿಡಿದರೆಂದು ಹೇಳಿ.