ಪ್ರೋತ್ಸಾಹಧನದ ಲೆಕ್ಕ ಕೇಳುವವರಾರು?

ಸರ್ಕಾರದ ಬೊಕ್ಕಸದಿಂದ ಗೃಹಿಣಿಯೊಬ್ಬಳ ಖಾತೆಗೆ ತಿಂಗಳಿಗೆ 2,000 ರೂಪಾಯಿ ಸಂದಾಯವಾದರೆ ಅದು ‘ಬಿಟ್ಟಿ ಭಾಗ್ಯ’; ಕಂಪನಿಯೊಂದಕ್ಕೆ ಸಾವಿರಾರು ಕೋಟಿ ಹರಿದರೆ ಅದು ‘ಪ್ರೋತ್ಸಾಹಧನ’. ಪದಗಳ ಈ ತಾರತಮ್ಯ ನಿಯಮಗಳ ಪಾಲನೆಯಲ್ಲೂ ಇದೆ. ಬಡವರು ತಮ್ಮ ಅರ್ಹತೆಯನ್ನು ಮತ್ತೆ ಮತ್ತೆ ರುಜುವಾತುಪಡಿಸಬೇಕು. ಉದ್ಯಮಕ್ಕಾದರೋ ವಾಣಿಜ್ಯ ಗೌಪ್ಯತೆಯೇ ರಕ್ಷಾಕವಚ.

ಗುಜರಾತಿನ ಸಾಣಂದ್‌ನಲ್ಲಿ ಮೈಕ್ರಾನ್ ಕಂಪನಿಯ ಸೆಮಿಕಂಡಕ್ಟರ್ ಘಟಕದ ವೆಚ್ಚ 275 ಕೋಟಿ ಡಾಲರ್ ಎಂದು 2023ರಲ್ಲಿ ಘೋಷಿಸಲಾಯಿತು. ಅದರಲ್ಲಿ ಶೇ 50 ಕೇಂದ್ರದ್ದು, ಶೇ 20 ರಾಜ್ಯದ್ದು. ಭರವಸೆ ನೀಡಿದ ನೇರ ಉದ್ಯೋಗಗಳು 5,000. ಮರುವರ್ಷ ಕೇಂದ್ರ ಸಚಿವ ಎಚ್.ಡಿ. ಕುಮಾರಸ್ವಾಮಿ, ಕಂಪನಿಯ ಹೆಸರೆತ್ತದೆ, ಒಂದೊಂದು ಉದ್ಯೋಗಕ್ಕೆ 3.2 ಕೋಟಿ ರೂಪಾಯಿ ಕೊಡುವುದು ಸರಿಯೇ ಎಂದು ಕೇಳಿದರು. ವಿವಾದವಾದೊಡನೆ ಸ್ಪಷ್ಟನೆ ಬಂತು. ಪ್ರಶ್ನೆ ಉತ್ತರವಿಲ್ಲದೆ ಉಳಿಯಿತು.

ಚಿಪ್ ತಯಾರಿಕೆಯಲ್ಲಿ ಸ್ವಾವಲಂಬನೆ ಬೇಕು, ಅದನ್ನು ಉದ್ಯೋಗಗಳ ಸಂಖ್ಯೆಯಿಂದಷ್ಟೇ ಅಳೆಯಲಾಗದು ಎಂಬ ವಾದದಲ್ಲಿ ಹುರುಳಿದೆ. ಆದರೆ ಗುರಿ ದೊಡ್ಡದಾದಷ್ಟೂ ಷರತ್ತು ಬಿಗಿಯಾಗಿರಬೇಕು, ಬಹಿರಂಗವಾಗಿರಬೇಕು.

ಷರತ್ತಿನ ಬೆಲೆ ಏನೆಂಬುದಕ್ಕೆ ಅಮೆರಿಕದ ವಿಸ್ಕಾನ್ಸಿನ್ ಸಾಕ್ಷಿ. 13,000 ಉದ್ಯೋಗಗಳ ಭರವಸೆ ನಂಬಿ ಆ ರಾಜ್ಯ 2017ರಲ್ಲಿ ಫಾಕ್ಸ್‌ಕಾನ್‌ಗೆ ಸುಮಾರು 300 ಕೋಟಿ ಡಾಲರ್ ನೆರವು ನೀಡಲು ಒಪ್ಪಿತು. ಉದ್ಯೋಗಗಳು ಬರಲಿಲ್ಲ. ಆದರೆ ಒಪ್ಪಂದದಲ್ಲಿ ವರ್ಷವಾರು ಗುರಿಗಳಿದ್ದವು. ಅವು ಈಡೇರದ ಕಾರಣ ರಾಜ್ಯ ತೆರಿಗೆ ಮರುಪಾವತಿಯನ್ನು ನಿರಾಕರಿಸಿತು. 2021ರ ಪರಿಷ್ಕೃತ ಒಪ್ಪಂದದಲ್ಲಿ ನೆರವು 8 ಕೋಟಿ ಡಾಲರಿಗೆ, ಉದ್ಯೋಗದ ಗುರಿ 1,454ಕ್ಕೆ ಇಳಿಯಿತು. ಭೂಸ್ವಾಧೀನಕ್ಕೂ ರಸ್ತೆಗೂ ಸ್ಥಳೀಯ ಆಡಳಿತ ಮಾಡಿದ ವೆಚ್ಚಕ್ಕೆ ಮಾತ್ರ ಈ ರಕ್ಷಣೆ ಇರಲಿಲ್ಲ. ಮನೆ ಕಳೆದುಕೊಂಡವರಿಗೆ ಮನೆ ಮರಳಲಿಲ್ಲ.

ಅದೇ ಫಾಕ್ಸ್‌ಕಾನ್ ಇಂದು ದೇವನಹಳ್ಳಿಯಲ್ಲಿ ಐಫೋನ್ ಜೋಡಿಸುತ್ತಿದೆ. ಇಲ್ಲಿ ಉದ್ಯೋಗಗಳು ಬಂದಿವೆ ಎಂಬುದು ಸಂತೋಷದ ಸಂಗತಿಯೇ. ಆದರೆ ಹೂಡಿಕೆಗಾಗಿ ದಕ್ಷಿಣದ ರಾಜ್ಯಗಳು ಪರಸ್ಪರ ಪೈಪೋಟಿಗಿಳಿದು ರಿಯಾಯಿತಿ ಏರಿಸುತ್ತಿರುವಾಗ, ಯಾವ ರಾಜ್ಯ ಏನು ಕೊಟ್ಟಿತು, ಪ್ರತಿಯಾಗಿ ಏನು ಪಡೆಯಿತು ಎಂಬುದು ಜನರಿಗೆ ತಿಳಿಯಬೇಡವೇ? ಯುರೋಪಿಯನ್ ಒಕ್ಕೂಟದಲ್ಲಿ ಒಂದು ಲಕ್ಷ ಯೂರೋ ಮೀರಿದ ನೆರವನ್ನು ಪಡೆದ ಉದ್ಯಮದ ಹೆಸರನ್ನೂ ಮೊತ್ತವನ್ನೂ ಸಾಮಾನ್ಯವಾಗಿ ಪ್ರಕಟಿಸಲೇಬೇಕು.

ಭಾರತಕ್ಕೆ ಇದು ಹೊಸ ತತ್ವವೇನಲ್ಲ. ಸಹಾಯಧನ ಯೋಜನೆಗಳ ಮೊತ್ತವನ್ನೂ ಫಲಾನುಭವಿಗಳ ವಿವರವನ್ನೂ ಯಾರೂ ಕೇಳದೆಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಆದರೆ 8ನೇ ಸೆಕ್ಷನ್ನಿನ ವಾಣಿಜ್ಯ ಗೌಪ್ಯತೆ ಅಡ್ಡ ಬರುತ್ತದೆ. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಆ ಗೌಪ್ಯತೆಯನ್ನು ಬದಿಗಿಡಬಹುದೆಂದೂ ಅದೇ ಸೆಕ್ಷನ್ ಹೇಳುವುದನ್ನು ಆಳುವವರು ಮರೆಯುತ್ತಾರೆ.

ಉದ್ಯೋಗ ಖಾತರಿಯಡಿ ಮಣ್ಣು ಹೊತ್ತವರ ಹೆಸರು, ದುಡಿದ ದಿನ, ಪಡೆದ ಕೂಲಿ ಎಲ್ಲವೂ ಜಾಲತಾಣದಲ್ಲಿ ಬಯಲಾದವು. ಗ್ರಾಮಸಭೆಯಲ್ಲಿ ಸಾಮಾಜಿಕ ಪರಿಶೋಧನೆ ಕಡ್ಡಾಯವಾಯಿತು. ಕೂಲಿಕಾರರಿಗೆ ಅನ್ವಯಿಸಿದ ಈ ನಿಯಮ ಕಾರ್ಖಾನೆಯ ಒಡೆಯರಿಗೂ ಅನ್ವಯಿಸಲಿ. ಒಪ್ಪಂದ ವಿಧಾನಸಭೆಯ ಮುಂದೆ ಬರಲಿ. ಮಾತು ತಪ್ಪಿದರೆ ಹಣ ಬೊಕ್ಕಸಕ್ಕೆ ಮರಳಲಿ. ಇದು ಉದ್ಯಮದ ವಿರೋಧವಲ್ಲ. ಸಾಲ ಕೊಡುವ ಯಾವ ಬ್ಯಾಂಕೂ ಇದಕ್ಕಿಂತ ಕಡಿಮೆ ಕೇಳುವುದಿಲ್ಲ.