ಜಮಖಾನದ ಕಲೆ ಹೊಳೆಯ ಪಾಲಾಗದಿರಲಿ

ಪರಿಸರ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಾಡು, ಗುಡ್ಡ, ಗಣಿ, ಅಣೆಕಟ್ಟು. ನಡುಮನೆಯಲ್ಲಿ ಹಾಸಿದ ಜಮಖಾನವನ್ನು ಪರಿಸರದ ಪ್ರಶ್ನೆಯೆಂದು ಯಾರೂ ಎಣಿಸುವುದಿಲ್ಲ. ಆದರೂ ಶಿವಮೊಗ್ಗ, ಭದ್ರಾವತಿಗಳ ಬಡಾವಣೆಗಳಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಮಳೆಗಾಲ ಹಿಡಿದೊಡನೆ ಕೇಳಿಬರುವ ಒಂದು ದೂರನ್ನು ಇಲ್ಲಿ ಚರ್ಚೆಗೆ ಎತ್ತಿಕೊಳ್ಳುವುದು ಉಚಿತವೆಂದು ಭಾವಿಸಿದ್ದೇನೆ. ಬೆಕ್ಕು ಜಮಖಾನದ ಮೇಲೋ ಕಂಬಳಿಯ ಮೇಲೋ ಕಾರ್ಪೆಟ್ಟಿನ ಮೇಲೋ ಮೂತ್ರ ಮಾಡುತ್ತದೆ. ಹಳದಿ ಕಲೆ ಉಳಿಯುತ್ತದೆ. ಎಷ್ಟು ತೊಳೆದರೂ ನಾತ ಹೋಗುವುದಿಲ್ಲ. ಇದೂ ಒಂದು ವಿಷಯವೇ ಎಂದು ನಗುವವರು ನಗಲಿ. ಆ ನಾತವನ್ನು ಓಡಿಸಲು ನಾವು ಹಿಡಿಯುವ ದಾರಿಗಳು ಎಲ್ಲಿಗೆ ಹೋಗಿ ಮುಟ್ಟುತ್ತವೆ ಎಂಬುದನ್ನು ನೋಡಿದರೆ ಆ ನಗು ಹೆಚ್ಚು ಹೊತ್ತು ಉಳಿಯಲಾರದು.

ಸಾಮಾನ್ಯವಾಗಿ ಆ ದಾರಿಗಳು ಮೂರು. ಮೊದಲನೆಯದು, ಅಂಗಡಿಯಿಂದ ಫಿನಾಯಿಲ್, ಬ್ಲೀಚಿಂಗ್ ಪೌಡರ್, ಆಸಿಡ್ ತಂದು ಸುರಿಯುವುದು. ಎರಡನೆಯದು, ಹಾಸನ್ನೇ ಸುತ್ತಿ ಎಸೆಯುವುದು ಅಥವಾ ಹಿತ್ತಿಲಲ್ಲಿ ಸುಡುವುದು. ಮೂರನೆಯದು, ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆಗೋ ಕಾಡಂಚಿಗೋ ಬಿಟ್ಟುಬರುವುದು. ಮೂರರ ತಿರುಳೂ ಒಂದೇ: ನಮ್ಮ ಮನೆಯ ತೊಂದರೆಯನ್ನು ಇನ್ನೊಬ್ಬರ ಅಂಗಳಕ್ಕೆ ದಾಟಿಸುವುದು. ಹೊಳೆಯನ್ನು ಕಾರ್ಖಾನೆಯವರು ಹೀಗೆ ಕಂಡಾಗ ನಾವು ಪ್ರತಿಭಟಿಸುತ್ತೇವೆ. ಅದೇ ನ್ಯಾಯವನ್ನು ನಮ್ಮ ಬಚ್ಚಲಿಗೂ ಅನ್ವಯಿಸಿಕೊಳ್ಳಬೇಕು ಎಂಬುದೇ ಈ ಲೇಖನದ ವಾದ.

ಮೊದಲು ನಾತದ ಮೂಲವನ್ನು ಅರಿಯೋಣ. ಬೆಕ್ಕಿನ ಮೂತ್ರದಲ್ಲಿ ಪ್ರಧಾನವಾಗಿರುವುದು ಯೂರಿಯಾ. ಸೊಸೈಟಿಯಿಂದ ನಾವು ಚೀಲದಲ್ಲಿ ಹೊತ್ತು ತರುವ, ಶೇ. 46ರಷ್ಟು ಸಾರಜನಕವಿರುವ ಗೊಬ್ಬರವೂ ಇದೇ ಯೂರಿಯಾ. ಅದಕ್ಕೆ ತಾನಾಗಿ ಅಂಥ ವಾಸನೆಯಿಲ್ಲ. ತೇವ ದೊರೆತಾಗ ಸೂಕ್ಷ್ಮಜೀವಿಗಳು ಯೂರಿಯೇಸ್ ಎಂಬ ಕಿಣ್ವದಿಂದ ಅದನ್ನು ಒಡೆಯುತ್ತವೆ. ಆಗ ಅಮೋನಿಯ ಹೊರಡುತ್ತದೆ. ಈ ಯೂರಿಯೇಸನ್ನು ಜೇಮ್ಸ್ ಸಮ್ನರ್ ಎಂಬ ಅಮೆರಿಕದ ವಿಜ್ಞಾನಿ 1926ರಲ್ಲಿ ಒಂದು ಬಗೆಯ ಅವರೆಯ ಕಾಳಿನಿಂದ ಹರಳುರೂಪದಲ್ಲಿ ಬೇರ್ಪಡಿಸಿದನು. ಹೀಗೆ ಹರಳಾಗಿಸಿದ ಮೊದಲ ಕಿಣ್ವ ಅದು. ಗದ್ದೆಗೆ ಯೂರಿಯಾ ಎರಚಿದ ಮೇಲೆ ಬಿಸಿಲೇರಿದರೆ ಮೂಗಿಗೆ ಅಡರುವ ಘಾಟೂ, ಸೊಪ್ಪು ಬದಲಿಸದ ಕೊಟ್ಟಿಗೆಯ ಘಾಟೂ ಇದೇ ಅಮೋನಿಯ.

ಆದರೆ ಹಸುವಿನ ಗಂಜಲಕ್ಕಿಲ್ಲದ ಒಂದು ವಿಶೇಷ ಬೆಕ್ಕಿನ ಮೂತ್ರಕ್ಕಿದೆ. ಅದರಲ್ಲಿ ಫೆಲಿನಿನ್ ಎಂಬ, ಗಂಧಕವುಳ್ಳ ಅಮೈನೋ ಆಮ್ಲವಿರುತ್ತದೆ. ಮಾಳಬೆಕ್ಕಿನಲ್ಲಿ, ಅಂದರೆ ಬಲಿತ ಗಂಡುಬೆಕ್ಕಿನಲ್ಲಿ, ಇದು ಹೆಚ್ಚು. ಇದು ನಿಧಾನವಾಗಿ ಒಡೆದು ಥಯೋಲ್ ಎಂಬ ಗುಂಪಿಗೆ ಸೇರಿದ ಆವಿಗಳಾಗುತ್ತದೆ. ಅಡುಗೆ ಅನಿಲ ಸೋರಿದಾಗ ತಿಳಿಯಲೆಂದು ಸಿಲಿಂಡರಿಗೆ ಬೆರೆಸುವ ವಾಸನೆಯೂ ಇದೇ ಗುಂಪಿನದು. ತೀರ ಅಲ್ಪ ಪ್ರಮಾಣದಲ್ಲಿದ್ದರೂ ಮನುಷ್ಯನ ಮೂಗು ಇದನ್ನು ಹಿಡಿಯುತ್ತದೆ. ಅಮೋನಿಯ ಕೆಲವು ದಿನಗಳಲ್ಲಿ ಹಾರಿಹೋದರೂ ಜಮಖಾನ ನಾರುತ್ತಲೇ ಇರುವುದು ಈ ಕಾರಣಕ್ಕೆ. ಆರಿದ್ರಾ, ಪುನರ್ವಸು ಮಳೆಗಳು ಜಡಿದಾಗ, ಒಣಗಿ ನೂಲಿನಲ್ಲಿ ಅಡಗಿದ್ದ ಉಳಿಕೆ ಮತ್ತೆ ತೇವವನ್ನು ಹೀರುತ್ತದೆ. ಬೇಸಗೆಯಲ್ಲಿ ಹೋಯಿತೆಂದುಕೊಂಡ ನಾತ ಆಷಾಢದಲ್ಲಿ ಮರಳಿ ಬರುತ್ತದೆ. ಯೂರಿಕ್ ಆಮ್ಲದ ಹರಳುಗಳೇ ಇದಕ್ಕೆಲ್ಲ ಕಾರಣವೆಂಬ ಮಾತೂ ಪ್ರಚಾರದಲ್ಲಿದೆ. ಆದರೆ ಬೆಕ್ಕಿನ ದೇಹ ಯೂರಿಕ್ ಆಮ್ಲದ ಬಹುಭಾಗವನ್ನು ಅಲಾಂಟೋಯಿನ್ ಎಂಬ ಸುಲಭವಾಗಿ ಕರಗುವ ವಸ್ತುವಾಗಿ ಮಾರ್ಪಡಿಸಿಯೇ ಹೊರಹಾಕುತ್ತದೆ.

ಇನ್ನು ಫಿನಾಯಿಲಿನ ವಿಚಾರ. ಅದು ನಾತವನ್ನು ಮುಚ್ಚುತ್ತದೆಯೇ ಹೊರತು ಅದರ ಮೂಲವನ್ನು ತೆಗೆಯುವುದಿಲ್ಲ. ಮೇಲಾಗಿ, ಫಿನಾಲ್ ಜಾತಿಯ ವಿಷವನ್ನು ಮನುಷ್ಯನ ಯಕೃತ್ತು ಹದಗೊಳಿಸಿ ಹೊರಹಾಕುವ ಒಂದು ಮುಖ್ಯ ದಾರಿ ಬೆಕ್ಕಿನಲ್ಲಿ ಹುಟ್ಟಿನಿಂದಲೇ ದುರ್ಬಲ. ಫಿನಾಯಿಲ್ ಮೆತ್ತಿದ ಪಾದವನ್ನು ನೆಕ್ಕಿಕೊಳ್ಳುವ ಬೆಕ್ಕು ವಿಷವನ್ನೇ ನೆಕ್ಕುತ್ತಿರುತ್ತದೆ. ಬ್ಲೀಚಿಂಗ್ ಪೌಡರಿನದು ಇನ್ನೂ ದೊಡ್ಡ ಅಪಾಯ. ಅಮೋನಿಯ ಇರುವಲ್ಲಿ ಅದನ್ನು ಸುರಿದರೆ ಕ್ಲೋರಮೈನ್ ಎಂಬ ವಿಷಾನಿಲ ಹುಟ್ಟುತ್ತದೆ. ಆಸಿಡ್ಡಿನ ಜೊತೆ ಬೆರೆತರೆ ಕ್ಲೋರಿನ್ ಅನಿಲವೇ ಏಳುತ್ತದೆ. ಮಳೆಗೆ ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಂಥ ಪ್ರಯೋಗ ಶ್ವಾಸಕೋಶಕ್ಕೆ ಕುತ್ತು. ಉಣ್ಣೆಯ ನೂಲನ್ನಂತೂ ಬ್ಲೀಚ್ ಕರಗಿಸಿಬಿಡುತ್ತದೆ. ಕಂಬಳಿಗೆ ಅದನ್ನು ಮುಟ್ಟಿಸಲೇಬಾರದು. ಆಸಿಡ್ ಸಿಮೆಂಟಿನ ನೆಲವನ್ನು ತಿಂದು ಸಣ್ಣ ರಂಧ್ರಗಳನ್ನು ಮಾಡುತ್ತದೆ; ಮುಂದಿನ ಬಾರಿಯ ಮೂತ್ರ ಆ ರಂಧ್ರಗಳಿಗೇ ಇಳಿಯುತ್ತದೆ.

ಹಾಗಾದರೆ ಮಾಡಬೇಕಾದುದೇನು? ಕಲೆ ಹಸಿಯಾಗಿರುವಾಗಲೇ ಹಳೆಯ ಹತ್ತಿಬಟ್ಟೆಯನ್ನು ಒತ್ತಿ ಮೂತ್ರವನ್ನು ಹೀರಿಸಬೇಕು. ಉಜ್ಜಬಾರದು, ಉಜ್ಜಿದರೆ ಅದು ನೂಲಿನ ಆಳಕ್ಕೆ ಇಳಿಯುತ್ತದೆ. ಬಳಿಕ ತಣ್ಣೀರು ಸುರಿದು ಮತ್ತೆ ಒತ್ತಿ ತೆಗೆಯಬೇಕು. ಎರಡು ಮೂರು ಬಾರಿ ಹೀಗೆ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆಯೇ. ಬಿಸಿನೀರು ಬೇಡ. ಬೆಕ್ಕಿನ ಮೂತ್ರದಲ್ಲಿ ಪ್ರೋಟೀನಿನ ಅಂಶ ಸಹಜವಾಗಿಯೇ ಹೆಚ್ಚು. ಶಾಖಕ್ಕೆ ಅದು ನೂಲಿಗೆ ಕಚ್ಚಿಕೊಳ್ಳಬಹುದು.

ಎರಡನೆಯ ಹಂತ ಹುಳಿಯದು. ಅಮೋನಿಯ ಕ್ಷಾರ, ಹುಳಿ ಅದನ್ನು ಹಾರದ ಲವಣವಾಗಿ ಕಟ್ಟಿಹಾಕುತ್ತದೆ, ನೀರು ಆ ಲವಣವನ್ನು ಒಯ್ಯುತ್ತದೆ. ಅಂಗಡಿಯ ಬಿಳಿ ವಿನಿಗರ್ ಒಂದು ಪಾಲಿಗೆ ಎರಡು ಪಾಲು ನೀರು ಬೆರೆಸಿ ಕಲೆ ಪೂರ್ತಿ ನೆನೆಯುವಂತೆ ಸುರಿದು, ಕಾಲು ಗಂಟೆ ಬಿಟ್ಟು ಒತ್ತಿ ತೆಗೆಯಬೇಕು. ಕಂಬಳಿಗೂ ಇದು ಹಾನಿ ಮಾಡದು; ಉಣ್ಣೆಗೆ ಆಗದಿರುವುದು ಕ್ಷಾರ. ಆದ್ದರಿಂದ ಕಂಬಳಿಗೆ ಸೋಡಾಪುಡಿ ಹಾಕುವ ರೂಢಿ ಒಳ್ಳೆಯದಲ್ಲ.

ಮೂರನೆಯ ಹಂತ ಗಂಧಕದ ನಾತಕ್ಕೆ. ಅಮೆರಿಕದಲ್ಲಿ ಸ್ಕಂಕ್ ಎಂಬ ಪ್ರಾಣಿ ಸಿಡಿಸುವ ದುರ್ನಾತವೂ ಥಯೋಲುಗಳದೇ. ಅಲ್ಲಿನ ರಸಾಯನಶಾಸ್ತ್ರಜ್ಞ ಪಾಲ್ ಕ್ರೆಬಾಮ್ ಅದಕ್ಕೊಂದು ಸರಳ ಮದ್ದನ್ನು 1993ರಲ್ಲಿ ಪ್ರಚುರಪಡಿಸಿದನು: ಹೈಡ್ರೋಜನ್ ಪೆರಾಕ್ಸೈಡ್, ಅಡುಗೆ ಸೋಡಾ, ತುಸು ಪಾತ್ರೆ ತೊಳೆಯುವ ದ್ರವ. ಪೆರಾಕ್ಸೈಡ್ ಥಯೋಲನ್ನು ಆಮ್ಲಜನಕದಿಂದ ಮಾರ್ಪಡಿಸಿ ವಾಸನೆಯಿಲ್ಲದ ವಸ್ತುವನ್ನಾಗಿಸುತ್ತದೆ. ತಾನು ನೀರೂ ಆಮ್ಲಜನಕವೂ ಆಗಿ ಕರಗಿಹೋಗುತ್ತದೆ. ನಮ್ಮ ಔಷಧಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ಶೇ. 6ರದು, ಅಷ್ಟೇ ನೀರು ಬೆರೆಸಿದರೆ ಶೇ. 3 ಆಗುತ್ತದೆ. ಅಂಥ ಒಂದು ಲೀಟರಿಗೆ ಕಾಲು ಲೋಟ ಅಡುಗೆ ಸೋಡಾ, ಒಂದು ಚಮಚ ಸೋಪಿನ ದ್ರವ ಸಾಕು. ಹುಳಿಯ ನೀರನ್ನು ಚೆನ್ನಾಗಿ ತೊಳೆದು ತೆಗೆದ ಮೇಲೆಯೇ ಇದನ್ನು ಹಾಕಬೇಕು. ಎರಡನ್ನೂ ಒಟ್ಟಿಗೆ ಬೆರೆಸಬಾರದು. ಆಗಿಂದಾಗ ಕಲಸಿ ಬಳಸಬೇಕು. ಬಾಟಲಿಯಲ್ಲಿ ಮುಚ್ಚಿಟ್ಟರೆ ಅನಿಲ ಕೂಡಿ ಬಾಟಲಿ ಸಿಡಿದೀತು. ಬಣ್ಣ ಬಿಡಬಹುದಾದ್ದರಿಂದ ಮೊದಲು ಜಮಖಾನದ ಮೂಲೆಯೊಂದರಲ್ಲಿ ಪರೀಕ್ಷಿಸಬೇಕು. ಉಣ್ಣೆಗೆ ಇದು ಬೇಡ. ಅದಕ್ಕೆ ಹುಳಿ, ನೀರು, ಗಾಳಿಗಳೇ ಸಾಕು.

ಕೊನೆಯ ಹಂತ ಒಣಗಿಸುವುದು. ಬಿಸಿಲಿದ್ದರೆ ಬಿಸಿಲು, ಇಲ್ಲದಿದ್ದರೆ ಹಾಸನ್ನು ನೆಲದಿಂದ ಮೇಲೆತ್ತಿ, ಎರಡೂ ಬದಿಗೆ ಗಾಳಿಯಾಡುವಂತೆ ಹರವಬೇಕು. ಹಾಸಿನ ಅಡಿಯ ನೆಲವನ್ನು ತೊಳೆಯದೆ ಬಿಟ್ಟರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಅಂಟುವಾಳದ ಕಾಯಿಯಿಂದ ತೊಳೆಯಬಾರದೇ ಎಂದು ಹಲವರು ಕೇಳುತ್ತಾರೆ. ತೊಳೆಯಬಹುದು, ಉಣ್ಣೆಗೆ ಅದು ಹಿತವಾದುದೇ. ಆದರೆ ನೈಸರ್ಗಿಕವಾದುದೆಲ್ಲ ನಿರಪಾಯ ಎಂಬ ಭ್ರಮೆ ನಮ್ಮ ಚಳವಳಿಯವರಿಗಾದರೂ ಇರಬಾರದು. ಅಂಟುವಾಳದ ನೊರೆಯ ಸಪೋನಿನ್ ಮೀನಿಗೆ ವಿಷ. ಆ ನೀರನ್ನು ಹಳ್ಳಕ್ಕೆ ಬಿಡದೆ ತೆಂಗಿನ ಬುಡಕ್ಕೋ ಬಾಳೆಯ ಬುಡಕ್ಕೋ ಹಾಕಬೇಕು. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಜೀರ್ಣಿಸಿಕೊಳ್ಳುತ್ತವೆ, ಮೂತ್ರದ ಸಾರಜನಕ ಬೇರಿಗೆ ದಕ್ಕುತ್ತದೆ. ಬ್ಲೀಚಿನ ನೀರನ್ನು ಹೀಗೆ ಗಿಡಕ್ಕೆ ಹಾಕುವಂತಿಲ್ಲ. ಅದು ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತದೆ. ತೊಳೆದ ನೀರನ್ನು ನಮ್ಮದೇ ಮರದ ಬುಡಕ್ಕೆ ಸುರಿಯಲು ಹಿಂಜರಿಯುತ್ತೇವಾದರೆ ಅದನ್ನು ಹೊಳೆಗೆ ಬಿಡಲು ನಮಗೆ ಹಕ್ಕಿಲ್ಲ.

ಒಂದು ಮನೆಯ ಒಂದು ಬಕೆಟ್ ನೀರಿನಿಂದ ಹೊಳೆ ಕೆಡುವುದೇ ಎಂಬ ಆಕ್ಷೇಪ ಬರುತ್ತದೆ. ಭದ್ರಾವತಿಯವರಿಗೆ ಈ ಪ್ರಶ್ನೆಯ ಉತ್ತರ ಕಣ್ಣೆದುರೇ ಇದೆ. 1930ರ ದಶಕದಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಭದ್ರೆಯ ದಂಡೆಯಲ್ಲಿ ದಶಕಗಳ ಕಾಲ ನಡೆದು 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಪಟ್ಟಿಮಾಡಿದ ಕರ್ನಾಟಕದ 17 ಕಲುಷಿತ ನದಿಭಾಗಗಳಲ್ಲಿ ತುಂಗಾ, ಭದ್ರಾ, ತುಂಗಭದ್ರಾ ಮೂರೂ ಸೇರಿದ್ದವು. ಅಂದರೆ ಕಾಗದದ ಕಾರ್ಖಾನೆ ನಿಂತ ಮೇಲೂ ಹೊಳೆ ಪಟ್ಟಿಯಿಂದ ಹೊರಬರಲಿಲ್ಲ. ದೋಷವೆಲ್ಲವನ್ನೂ ಚಿಮಣಿಗಳ ಮೇಲೆ ಹೊರಿಸಿ ಕೈತೊಳೆದುಕೊಳ್ಳುವ ಕಾಲ ಮುಗಿದಿದೆ. ಗಂಗಾ ಸ್ನಾನ, ತುಂಗಾ ಪಾನ ಎಂದು ಹೆಮ್ಮೆಪಡುವ ನಾವು ಶಿವಮೊಗ್ಗವನ್ನು ದಾಟಿದ ತುಂಗೆಯ ನೀರನ್ನು ಕೂಡಲಿಯ ಸಂಗಮದಲ್ಲಿ ನಿಶ್ಚಿಂತೆಯಿಂದ ಬೊಗಸೆಯಲ್ಲಿ ಎತ್ತಿ ಕುಡಿಯಬಲ್ಲೆವೇ? 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊರಟ ನಿರ್ಮಲ ತುಂಗಭದ್ರಾ ಪಾದಯಾತ್ರೆ ಎತ್ತಿದ ಪ್ರಶ್ನೆಯೂ ಇಂಥದೇ. ಕೊಳಚೆನೀರನ್ನು ಶುದ್ಧೀಕರಿಸುವುದು ನಗರಾಡಳಿತದ ಹೊಣೆ, ಅದನ್ನು ಕೇಳಲೇಬೇಕು. ಆದರೆ ಆ ಶುದ್ಧೀಕರಣವೂ ಸೂಕ್ಷ್ಮಜೀವಿಗಳಿಂದಲೇ ನಡೆಯುವ ಕೆಲಸ. ಮನೆಮನೆಯಿಂದ ಫಿನಾಯಿಲ್, ಬ್ಲೀಚ್ ಹರಿಸಿ ಆ ಜೀವಿಗಳನ್ನು ಕೊಂದು, ಬಳಿಕ ಘಟಕ ಕೆಲಸ ಮಾಡುತ್ತಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ.

ಹಾಸನ್ನು ಸುಡುವವರಿಗೂ ಒಂದು ಮಾತು. ಇಂದಿನ ಅಗ್ಗದ ಕಾರ್ಪೆಟ್ಟುಗಳು ಬಹುಪಾಲು ಪ್ಲಾಸ್ಟಿಕ್ ನೂಲಿನವು. ಕೆಲವಕ್ಕೆ ಅಡಿಯಲ್ಲಿ ಪಿವಿಸಿ ಪದರವಿರುತ್ತದೆ. ಅದನ್ನು ಸುಟ್ಟ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷಗಳಿರುತ್ತವೆ. ಈಚಲು ಚಾಪೆ, ಹತ್ತಿಯ ಜಮಖಾನ, ಕುರಿಯುಣ್ಣೆಯ ಕಂಬಳಿಗಳು ತೊಳೆಯಲೂ ಒಣಗಿಸಲೂ ಸುಲಭ; ಸವೆದ ಮೇಲೆ ಮಣ್ಣಿಗೆ ಸಲ್ಲುತ್ತವೆ.

ಇನ್ನು ಬೆಕ್ಕಿನ ಪಾಡು. ಪಣತದ ಭತ್ತವನ್ನೂ ಅಟ್ಟದ ಅಡಿಕೆಯ ಮೂಟೆಯನ್ನೂ ಕಾಯಲೆಂದೇ ಮಲೆನಾಡಿನ ಮನೆಗಳು ಬೆಕ್ಕನ್ನು ಸಾಕಿದವು. ಇಲಿಯ ಮೂತ್ರಕ್ಕೆ ಬೆಕ್ಕಿನದರಷ್ಟು ನಾತವಿಲ್ಲ, ಆದರೆ ಇಲಿಜ್ವರ ಹರಡುವುದು ಅದರಿಂದ. ನಾತವಿರುವುದೆಲ್ಲ ಅಪಾಯವಲ್ಲ, ನಾತವಿಲ್ಲದ್ದೆಲ್ಲ ಕ್ಷೇಮವೂ ಅಲ್ಲ. ಕಾಡಂಚಿಗೆ ಬಿಟ್ಟ ಬೆಕ್ಕು ಹಸಿವಿನಿಂದ ಸಾಯುತ್ತದೆ, ಇಲ್ಲವೇ ಹಕ್ಕಿ ಓತಿಗಳನ್ನು ಹಿಡಿದು ಬದುಕುತ್ತದೆ. ನಾಡಬೆಕ್ಕಿನ ರೋಗಗಳು ಕಾಡುಬೆಕ್ಕುಗಳಿಗೂ ತಗಲುತ್ತವೆ. ಶೆಟ್ಟಿಹಳ್ಳಿ ಅಭಯಾರಣ್ಯದ ಅಂಚು ಶಿವಮೊಗ್ಗ ನಗರದಿಂದ ದೂರವೇನಿಲ್ಲ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಬೆಕ್ಕು ಹಠಕ್ಕೆ ಹೀಗೆ ಮಾಡುವುದಿಲ್ಲ. ಮಳೆಗೆ ಹೊರಗೆ ಹೋಗಲಾರದೆ ಒಳಗೆ ಮಾಡುತ್ತದೆ, ಗಂಡಾದರೆ ಗಡಿ ಗುರುತಿಸಲು ಸಿಂಪಡಿಸುತ್ತದೆ, ರೋಗವಿದ್ದರೂ ಹೀಗಾಗುತ್ತದೆ. ಮಳೆಗಾಲದಲ್ಲಿ ಜಗಲಿಯ ಮೂಲೆಯಲ್ಲಿ ಅಗಲವಾದ ಬುಟ್ಟಿಗೆ ಒಣಮಣ್ಣು ಅಥವಾ ಮರಗಪ್ಪಿನ ಹೊಟ್ಟು ತುಂಬಿಟ್ಟರೆ ಹೆಚ್ಚಿನ ಬೆಕ್ಕುಗಳು ಅದನ್ನೇ ಬಳಸುತ್ತವೆ. ಅದನ್ನು ದಿನವೂ ತೆಗೆದು ತರಕಾರಿ ಪಾತಿಯಿಂದ ದೂರ ಹೂಳಬೇಕು. ಬೆಕ್ಕಿನ ಮಲದಲ್ಲಿ ಟಾಕ್ಸೋಪ್ಲಾಸ್ಮ ಎಂಬ ಪರೋಪಜೀವಿ ಇರಬಹುದಾದ್ದರಿಂದ ಗರ್ಭಿಣಿಯರು ಆ ಕೆಲಸ ಮಾಡಬಾರದು. ಸಂತಾನಹರಣ ಚಿಕಿತ್ಸೆ ಮಾಡಿಸಿದ ಗಂಡುಬೆಕ್ಕಿನಲ್ಲಿ ಫೆಲಿನಿನ್ ಇಳಿಯುತ್ತದೆ, ಸಿಂಪಡಿಸುವ ಚಾಳಿಯೂ ಬಹುಮಟ್ಟಿಗೆ ನಿಲ್ಲುತ್ತದೆ, ಮರಿಗಳನ್ನು ಗೋಣಿಚೀಲಕ್ಕೆ ತುಂಬುವ ಪಾಪವೂ ತಪ್ಪುತ್ತದೆ. ಗಂಡುಬೆಕ್ಕು ತಿಣುಕಿದರೂ ಮೂತ್ರ ಬಾರದಿದ್ದರೆ ಮಾತ್ರ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಒಂದೆರಡು ದಿನಗಳಲ್ಲಿ ಪ್ರಾಣವೇ ಹೋದೀತು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೇ ಇದೆ. ಬೆಕ್ಕುಗಳ ಸಂತಾನಹರಣ ಶಿಬಿರಗಳನ್ನು ಹೋಬಳಿ ಮಟ್ಟಕ್ಕೆ ತರಬೇಕೆಂದು ಗ್ರಾಮಸಭೆಗಳಲ್ಲಿ ಒತ್ತಾಯಿಸುವುದು ನಮ್ಮ ಸಂಘಟನೆಗಳಿಗೆ ತಕ್ಕ ಕೆಲಸ.

ವಿದ್ಯಾರ್ಥಿ ಮಿತ್ರರು ತಮ್ಮ ಮನೆಯ ಬಚ್ಚಲಿನಿಂದ ಹೊರಟ ನೀರು ಯಾವ ಚರಂಡಿಗೆ, ಆ ಚರಂಡಿ ಯಾವ ಹಳ್ಳಕ್ಕೆ, ಆ ಹಳ್ಳ ತುಂಗೆಗೋ ಭದ್ರೆಗೋ ಎಲ್ಲಿ ಸೇರುತ್ತದೆ ಎಂಬುದನ್ನು ಒಮ್ಮೆ ನಡೆದು ನೋಡಲಿ. ಅದನ್ನು ಕಂಡ ಮೇಲೆ ಫಿನಾಯಿಲಿನ ಬಾಟಲಿಯನ್ನು ಬಗ್ಗಿಸುವ ಮೊದಲು ಕೈ ತಾನಾಗಿ ತಡೆಯುತ್ತದೆ.