ನಮ್ಮ ದಾರಿಗೆ ತಕ್ಕ ಸೈಕಲ್

ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರುವ ಹೊತ್ತಿಗೆ ಅನೇಕ ಮನೆಗಳಲ್ಲಿ ಒಂದೇ ವಾದ ಏಳುತ್ತದೆ. ಮಗ ಬೈಕ್ ಬೇಕು ಎನ್ನುತ್ತಾನೆ, ಅಬ್ಬಾ ಬಸ್ಸಿಗೆ ಹೋಗು ಎನ್ನುತ್ತಾರೆ. ಮಗಳು ಹೇಗೆ ಹೋಗಬೇಕೆಂದು ಯಾರೂ ಕೇಳುವುದಿಲ್ಲ. ಹೈಸ್ಕೂಲಿನಲ್ಲಿ ಅವಳು ತುಳಿಯುತ್ತಿದ್ದ ಸೈಕಲ್ ಅಷ್ಟರೊಳಗೆ ತಮ್ಮನ ಪಾಲಾಗಿರುತ್ತದೆ. ಬೈಕಿಗೂ ಬಸ್ಸಿಗೂ ನಡುವೆ ಸೈಕಲ್ ಎಂಬುದೊಂದು ಇದೆ ಎಂದು ನೆನಪಿಸುವುದಕ್ಕೇ ಈ ಬರಹ.

ಮೊದಲು ಕಾನೂನಿನ ಮಾತು. ನಮ್ಮಲ್ಲಿ ಹೆಚ್ಚಿನವರಿಗೆ 18 ತುಂಬಿಲ್ಲ. 16 ದಾಟಿದವರಿಗೂ 50 ಸಿಸಿವರೆಗಿನ, ಗೇರಿಲ್ಲದ ಬಂಡಿಗಷ್ಟೇ ಲೈಸೆನ್ಸ್ ಸಿಗುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ, ಅಪ್ರಾಪ್ತ ವಯಸ್ಸಿನವರು ಬೈಕ್ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಬಂಡಿಯ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು. ಬಂಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಓಡಿಸಿದವನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ನೆಲ್ಲಿನ ಲಾರಿ, ಟ್ರ್ಯಾಕ್ಟರ್ ಸದಾ ಓಡಾಡುವ ನಮ್ಮ ಹೆದ್ದಾರಿಯಲ್ಲಿ ಜೀವದ ಮಾತು ಬೇರೆಯೇ ಇದೆ.

ಮಸ್ಕಿಯಿಂದಲೋ ಲಿಂಗಸುಗೂರಿನಿಂದಲೋ ಸಿಂಧನೂರಿಗೆ ದಿನಾ ಸೈಕಲ್ ತುಳಿಯಿರಿ ಎಂದು ಯಾರೂ ಹೇಳುವುದಿಲ್ಲ. ಆ ದೂರಕ್ಕೆ ಬಸ್ಸಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟೂ ಇಲ್ಲ. ಆದರೆ ಬಸ್ಸು ಮುಖ್ಯರಸ್ತೆಯಲ್ಲಿ ನಿಲ್ಲುತ್ತದೆ, ಮನೆ ಒಳಗಿನ ಹಳ್ಳಿಯಲ್ಲೋ ಕ್ಯಾಂಪಿನಲ್ಲೋ ಇರುತ್ತದೆ. ಆ ಮೂರು ನಾಲ್ಕು ಕಿಲೋಮೀಟರಿಗೆ, ಊರೊಳಗಿನವರಾದರೆ ಮನೆಯಿಂದ ಕಾಲೇಜಿಗೆ, ಟ್ಯೂಷನ್ನಿಗೆ, ಶುಕ್ರವಾರ ಮಸೀದಿಗೆ ಸೈಕಲ್ ಸಾಕು. ಅವಸರವಿಲ್ಲದೆ ತುಳಿದರೂ 5 ಕಿಲೋಮೀಟರ್ ದಾರಿ 25 ನಿಮಿಷದಲ್ಲಿ ಮುಗಿಯುತ್ತದೆ.

ರಾಜ್ಯ ಸರ್ಕಾರ 2006-07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತು. ನಮ್ಮ ಅಕ್ಕ, ಅಣ್ಣಂದಿರಲ್ಲಿ ಅನೇಕರು ಶಾಲೆ ಮುಗಿಸಿದ್ದು ಆ ಸೈಕಲ್ಲಿನ ಮೇಲೆಯೇ. ಕೋವಿಡ್ ಕಾಲದಲ್ಲಿ ಅದು ನಿಂತಿತು, ನಮಗೆ ಸಿಗಲಿಲ್ಲ. ಹೀಗಾಗಿ ಈಗ ಸೈಕಲ್ ಬೇಕೆಂದರೆ ಮನೆಯವರ ದುಡ್ಡೇ ಹೋಗಬೇಕು. ದುಡ್ಡು ಹಾಕುವಾಗ ಯಾವುದನ್ನು ಕೊಳ್ಳಬೇಕು?

ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ದಪ್ಪ ಟಯರಿನ ರೇಂಜರ್. ಮುಂದೆ ಶಾಕ್ ಅಬ್ಸರ್ಬರ್, ಎರಡೂ ಗಾಲಿಗೆ ಡಿಸ್ಕ್ ಬ್ರೇಕ್, ಕಣ್ಣು ಕುಕ್ಕುವ ಬಣ್ಣ. ಆದರೆ ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಚೈನ್ ಕವರ್ ಇಲ್ಲ. ಭಾರ ಮಾತ್ರ ಹೆಚ್ಚು. ಅಗ್ಗದ ಶಾಕ್ ಅಬ್ಸರ್ಬರ್ ನಮ್ಮ ಕಾಲಿನ ಬಲವನ್ನೇ ಕುಡಿಯುತ್ತದೆ. ಅದು ಬೆಟ್ಟ ಇಳಿಯುವವರ ಸೈಕಲ್, ಸಿಂಧನೂರಿನ ಸಮತಟ್ಟು ನೆಲಕ್ಕಲ್ಲ. ಇನ್ನೊಂದು ತುದಿಯಲ್ಲಿ ರೇಸಿನ ಸೈಕಲ್ ಇದೆ: ಬಾಗಿದ ಹ್ಯಾಂಡಲ್, ಬೆರಳಗಲದ ಟಯರ್. ಅದು ಕಾಲುವೆ ದಂಡೆಯ ರಸ್ತೆಯಲ್ಲಿ ಒಂದು ವಾರ ಬಾಳಿದರೆ ಹೆಚ್ಚು.

ಇವೆರಡರ ನಡುವಿನದು ಹೈಬ್ರಿಡ್. ಹೈಬ್ರಿಡ್ ಎಂದರೆ ನಮ್ಮ ಕಡೆ ಬೀಜ ನೆನಪಾಗುತ್ತದೆ, ಅರ್ಥವೂ ಅದೇ. ರೇಸಿನ ಸೈಕಲ್ಲಿನಿಂದ ದೊಡ್ಡ, ಹಗುರ ಗಾಲಿ. ರೇಂಜರಿನಿಂದ ನೇರ ಹ್ಯಾಂಡಲ್. ಟಯರ್ ಸುಮಾರು 35ರಿಂದ 40 ಮಿಲಿಮೀಟರ್ ಅಗಲ. ಬೆನ್ನು ಬಗ್ಗಿಸದೆ, ರಸ್ತೆ ನೋಡುತ್ತ ಕೂರಬಹುದು. ಸ್ವಲ್ಪ ಯೋಚಿಸಿದರೆ ಇದು ಹೊಸದೇನಲ್ಲ ಎಂದು ತಿಳಿಯುತ್ತದೆ. ತಾತನ ಕರಿ ಸೈಕಲ್ಲಿನ ಟಯರ್ 28 × 1½. ಒಂದೂವರೆ ಇಂಚು ಎಂದರೆ 38 ಮಿಲಿಮೀಟರ್! ಹಾಲಿನ ಕ್ಯಾನು, ಮೇವಿನ ಹೊರೆ ಹೊತ್ತು ಇದೇ ರಸ್ತೆಗಳಲ್ಲಿ ಓಡಿದ್ದು ಆ ಅಗಲದ ಟಯರೇ. ಹೈಬ್ರಿಡ್ ಎಂದರೆ ಹಗುರಾದ, ಗೇರು ಹಾಕಿಸಿಕೊಂಡ ತಾತನ ಸೈಕಲ್.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಹೆಸರು ನೋಡಿ ಕೊಳ್ಳಬೇಡಿ, ದಾರಿ ನೋಡಿ ಕೊಳ್ಳಿ. ಗೇರಿನ ಹೈಬ್ರಿಡ್‌ನ ಬೆಲೆ ಸಾಮಾನ್ಯವಾಗಿ 10 ಸಾವಿರ ದಾಟುತ್ತದೆ. ಅಷ್ಟು ಆಗದಿದ್ದರೆ ಗೇರಿಲ್ಲದ ಸಾದಾ ಸೈಕಲ್ಲೇ ಇರಲಿ. ನಮ್ಮ ನೆಲಕ್ಕೆ ಗೇರು ಬೇಕೆನಿಸುವುದು ಆಷಾಢದ ಎದುರುಗಾಳಿಗೆ ಮಾತ್ರ. ಕೊಳ್ಳುವವರಾದರೆ ಹಿಂದಿನ ಗಾಲಿಗಷ್ಟೇ ಆರೇಳು ಗೇರಿದ್ದರೆ ಸಾಕು, 21 ಬೇಡ.

ಮಡ್‌ಗಾರ್ಡ್ ಇರಲೇಬೇಕು, ಅದಕ್ಕೂ ಟಯರಿಗೂ ನಡುವೆ ಬೆರಳು ಆಡುವಷ್ಟು ಜಾಗವೂ ಇರಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ಎರೆ ಮಣ್ಣು ಮೆತ್ತಿಕೊಂಡು ಗಾಲಿಯೇ ತಿರುಗುವುದಿಲ್ಲ. ಕ್ಯಾರಿಯರ್ ಇದ್ದರೆ ಪುಸ್ತಕದ ಚೀಲ ಬೆನ್ನಿಗೆ ಬೇಡ. ಬಿಸಿಲಿನಲ್ಲಿ ಬೆನ್ನಿಗೆ ಗಾಳಿ ಆಡುವುದೇ ದೊಡ್ಡ ಸುಖ. ಡಿಸ್ಕಿಗಿಂತ ರಿಮ್ ಹಿಡಿಯುವ ಸಾದಾ ಬ್ರೇಕ್ ಮೇಲು: ರಬ್ಬರ್ ಸವೆದರೆ ಯಾವ ಹಳ್ಳಿಯಲ್ಲೂ ಬದಲಿಸಬಹುದು. ಬಳ್ಳಾರಿ ಜಾಲಿಯ ಮುಳ್ಳು ಯಾವ ಟಯರನ್ನೂ ಬಿಡುವುದಿಲ್ಲ. ಹಾಗಾಗಿ ಕೊಳ್ಳುವ ಮೊದಲೇ ನಿಮ್ಮೂರಿನ ಪಂಚರ್ ಅಂಗಡಿಯಲ್ಲಿ ಕೇಳಿ, "ಈ ಸೈಜಿನ ಟಯರು, ಟ್ಯೂಬು ಸಿಗುತ್ತಾ ಅಣ್ಣಾ?" ಎಂದು. ಹೈಬ್ರಿಡ್‌ನ 700 ನಂಬರಿನ ರಿಮ್ಮಿಗೆ ಹಳೆಯ 28ರ ಟಯರ್ ಕೂರುವುದಿಲ್ಲ. ಗಾಳಿ ಎಷ್ಟು ಹಾಕಬೇಕೆಂಬುದು ಟಯರಿನ ಬದಿಯಲ್ಲೇ ಬರೆದಿರುತ್ತದೆ.

ಅಳತೆಯಲ್ಲಿ "ಬೆಳೆಯುವ ಹುಡುಗ, ದೊಡ್ಡದೇ ಇರಲಿ" ಎಂಬ ಲೆಕ್ಕ ಬೇಡ. ನಡುಪೈಪಿನ ಎರಡೂ ಬದಿ ಕಾಲಿಟ್ಟು ನಿಂತಾಗ ಪೈಪು ತಾಗಬಾರದು. ಸೀಟಿನಲ್ಲಿ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟರೆ ಕಾಲು ನೇರವಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಆಗ ಮೊಣಕಾಲು ತುಸು ಬಾಗಿರುತ್ತದೆ. ಸೀಟು ತಗ್ಗಿದ್ದರೆ ಸಂಜೆಗೆ ಮೊಣಕಾಲು ನೋಯುತ್ತದೆ, ಬೈಗುಳ ಸೈಕಲ್ಲಿಗೆ ಬೀಳುತ್ತದೆ.

ಇನ್ನು ಬಟ್ಟೆಯ ಮಾತು. ಬುರ್ಖಾ, ಚೂಡಿದಾರ, ದುಪಟ್ಟಾ ಹಾಕುವವರಿಗೆ ಚೈನಿಗೆ ಪೂರ್ತಿ ಕವರ್, ಹಿಂದಿನ ಗಾಲಿಗೆ ಬಟ್ಟೆ ಸಿಗದಂತೆ ಜಾಲರಿ ಬೇಕೇ ಬೇಕು. ಬಟ್ಟೆ ಸಿಕ್ಕಿಕೊಂಡು ಬೀಳುವ ಭಯಕ್ಕೇ ಎಷ್ಟೋ ಜನ ಸೈಕಲ್ ಬಿಡುತ್ತಾರೆ. ನಡುಪೈಪು ಕೆಳಗಿರುವ ಸೈಕಲ್ಲನ್ನು ನಾವು "ಲೇಡೀಸ್ ಸೈಕಲ್" ಎಂದು ಕರೆದು ದೂರ ಇಟ್ಟಿದ್ದೇವೆ. ನಿಜಕ್ಕೂ ಅದು ಇಡೀ ಮನೆಯ ಸೈಕಲ್: ಅಕ್ಕ ಕಾಲೇಜಿಗೆ, ತಮ್ಮ ಅಂಗಡಿಗೆ, ಅಬ್ಬಾ ಮಾರ್ಕೆಟ್ಟಿಗೆ ಒಯ್ಯಬಹುದು. ಮನೆಗೆ ಒಂದೇ ಸೈಕಲ್ ಕೊಳ್ಳುವ ಶಕ್ತಿ ಇದ್ದರೆ ಅಂಥದ್ದೇ ಕೊಳ್ಳಬೇಕು. ಗಂಡುಹುಡುಗರು ನಾಚಿಕೆ ಬಿಟ್ಟರೆ ಎಷ್ಟೋ ಅಕ್ಕತಂಗಿಯರ ದಾರಿ ತೆರೆಯುತ್ತದೆ.

ಉಪನ್ಯಾಸಕರಲ್ಲೂ ಆಡಳಿತ ಮಂಡಳಿಯವರಲ್ಲೂ ಒಂದು ವಿನಂತಿ. ಏಪ್ರಿಲ್ ಬಿಸಿಲಿಗೆ ಸೈಕಲ್ಲಿನ ಸೀಟು ಹೆಂಚಿನಂತೆ ಕಾಯುತ್ತದೆ, ಟಯರ್ ಬಿರುಕು ಬಿಡುತ್ತದೆ. ಸೈಕಲ್ ನಿಲ್ಲಿಸುವಲ್ಲಿ ನೆರಳಿರಲಿ. ಆಫೀಸಿನಲ್ಲಿ ಒಂದು ಗಾಳಿ ಪಂಪು, ಒಂದು ಪಂಚರ್ ಡಬ್ಬಿ ಇದ್ದರೆ ಮುಳ್ಳು ಚುಚ್ಚಿದ ದಿನ ಯಾರ ಮೊದಲ ಪೀರಿಯಡ್ಡೂ ತಪ್ಪುವುದಿಲ್ಲ. ಒಬ್ಬಿಬ್ಬರು ಉಪನ್ಯಾಸಕರು ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಬಂದರಂತೂ ನಮ್ಮ ಹುಡುಗರಿಗೆ ಬೇರೆ ಉಪದೇಶ ಬೇಕಿಲ್ಲ.